ತಪ್ಪು ಯಾರ ಕೈಯದು?

ವಿದ್ಯಾ ಇಲಾಖೆಯವರ ಲೆಕ್ಕದಲ್ಲಿ ನಮ್ಮ ಮಧುಗಿರಿ ಒಂದು ಜಿಲ್ಲೆ. ಕಂದಾಯದವರನ್ನು ಕೇಳಿದರೆ ಅದು ತುಮಕೂರು ಜಿಲ್ಲೆಗೆ ಸೇರಿದ ಒಂದು ತಾಲ್ಲೂಕು ಅಷ್ಟೆ. ಆದರೆ ಶಾಲೆಗಳ ಮಟ್ಟಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕೂಡಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎನ್ನಿಸಿಕೊಂಡಿವೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಪತ್ರಿಕೆಯಲ್ಲಿ ಜಿಲ್ಲೆಗಳ ಪಟ್ಟಿಯನ್ನು ನೋಡುವ ದೂರದ ಊರಿನವರು ‘ಇದು ಯಾವಾಗ ಜಿಲ್ಲೆಯಾಯಿತು?’ ಎಂದು ಹುಬ್ಬೇರಿಸುವುದುಂಟು. ಇದೇ ನಾಲ್ಕು ತಾಲ್ಲೂಕುಗಳಲ್ಲಿ ಕೆಲವು ವರ್ಷಗಳಿಂದ ಸದ್ದಿಲ್ಲದೆ ಇನ್ನೊಂದು ಪರೀಕ್ಷೆಯೂ ನಡೆದುಬಂದಿದೆ. ಮಧುಗಿರಿಯಲ್ಲಿ ಕುಳಿತು ಅದರ ಪತ್ರಿಕೆಯನ್ನು ಬರೆಯುವವಳು ನಾನು. ಉಳಿದ ಮೂರು ಊರುಗಳಲ್ಲಿ ಕುಳಿತು ಉತ್ತರಿಸುವವರು ಮೂವರು ಹೆಂಗಸರು. ಪಾಸೋ ಫೇಲೋ ಆಗಬೇಕಾದವಳು ಮಾತ್ರ ನಾನು. ಈ ಸಂಗತಿ ನನಗೆ ಸರಿಯಾಗಿ ಮನದಟ್ಟಾದದ್ದು ಸ್ವಲ್ಪ ತಡವಾಗಿ. ಆ ತಡಕ್ಕೆ ಬೆಲೆ ತೆತ್ತವಳು ಬೇರೆಯವಳು. ಅದನ್ನು ಇಲ್ಲಿ ಬರೆಯಬೇಕೆಂದಿದ್ದೇನೆ.

ಹೇಳಿಕೊಳ್ಳುವಂಥ ದೊಡ್ಡ ವಿದ್ಯೆಯೇನಲ್ಲ. ನಾನು ಕ್ರೋಶಾ ಹೆಣಿಗೆಯ ನಮೂನೆಗಳನ್ನು ಕಟ್ಟುತ್ತೇನೆ. ಕಾಲೇಜಿನಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಪಾಠ ಹೇಳಿ ಮನೆಗೆ ಬಂದಮೇಲೆ, ಸಂಜೆಯ ಕಾಫಿಗೂ ರಾತ್ರಿಯ ಅಡಿಗೆಗೂ ನಡುವೆ ದೊರೆಯುವ ಒಂದು ಗಂಟೆ ನನ್ನದು. ಆಗ ಕೈಗೆ ಸೂಜಿ ಬರುತ್ತದೆ. ಇದನ್ನು ನಾನು ಕಲಿತದ್ದು ತಾಯಿಯಿಂದ. ಅವರ ಕಾಲದಲ್ಲಿ ರೇಡಿಯೊ ಪೆಟ್ಟಿಗೆಗೆ ಒಂದು ಹೊದಿಕೆ, ನೀರಿನ ಹೂಜಿಗೆ ಮಣಿ ಪೋಣಿಸಿದ ಮುಚ್ಚಳ, ಬಾಣಂತಿಯ ಮನೆಯಲ್ಲಿ ಕೂಸಿಗೆ ಕುಲಾವಿ, ಇವೆಲ್ಲ ಕ್ರೋಶಾದಲ್ಲೇ ಆಗುತ್ತಿದ್ದುವು. ಈಗ ರೇಡಿಯೊ ಹೋಯಿತು, ಹೂಜಿಯೂ ಹೋಯಿತು. ಸೀರೆಯ ಸೆರಗಿನ ಕುಚ್ಚು ಮುಂದೆ ಬಂದಿದೆ. ಹಿಂದೆ ಸೆರಗಿನ ಎಳೆಗಳನ್ನೇ ಹೊಸೆದು ಗಂಟು ಹಾಕಿದರೆ ಕುಚ್ಚಾಗುತ್ತಿತ್ತು. ಇಂದಿನ ಮದುಮಗಳಿಗೆ ಅದು ಸಾಲದು. ಸೆರಗಿನ ಅಂಚಿಗೆ ಕ್ರೋಶಾದಲ್ಲಿ ಬಲೆ, ಬಲೆಯ ತುದಿಗೆ ಮಣಿ, ಮಣಿಯ ಕೆಳಗೆ ರೇಷ್ಮೆಯ ಗೊಂಡೆ ಬೇಕು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರು. ಮಗ್ಗದಿಂದ ಇಳಿದ ಸೀರೆ ಮದುವೆಮನೆಗೆ ಹೋಗುವ ಮೊದಲು ಕುಚ್ಚು ಕಟ್ಟುವವರ ಮನೆಯ ನಡುಮನೆಗೆ ಬರಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಮಡಿಲಲ್ಲಿ ಬೇರೆಯವರ ಸೀರೆಯನ್ನು ಹಾಸಿಕೊಂಡು ಕುಳಿತಿರುವುದನ್ನು ನೋಡಬಹುದು.

ಕ್ರೋಶಾ ಎಂಬುದು ಫ್ರೆಂಚಿನಿಂದ ಬಂದ ಮಾತು. ಚಿಕ್ಕ ಕೊಕ್ಕೆ ಎಂದು ಅರ್ಥ. ಸ್ವೆಟರು ಹೆಣೆಯುವುದಕ್ಕೆ ಎರಡು ಕಡ್ಡಿ ಬೇಕು, ಕಡ್ಡಿಯ ತುಂಬ ಕುಣಿಕೆಗಳು ಸಾಲಾಗಿ ಕಾದಿರುತ್ತವೆ. ಕ್ರೋಶಾದಲ್ಲಿ ಒಂದೇ ಸೂಜಿ. ಒಂದು ಹೊಲಿಗೆ ಮುಗಿದಾಗ ಅದರ ಮೇಲೆ ಉಳಿಯುವುದು ಒಂದೇ ಕುಣಿಕೆ. ಆ ಕುಣಿಕೆಯೊಳಗಿಂದ ದಾರವನ್ನು ಎಳೆದರೆ ಸರಪಳಿಯ ಒಂದು ಕೊಂಡಿ, ದಾರವನ್ನು ಸೂಜಿಗೆ ಸುತ್ತಿ ಎರಡು ಹಂತದಲ್ಲಿ ಎಳೆದರೆ ಒಂದು ‘ಕಂಬ’, ಕೆಳಗಿನ ಸಾಲಿಗೆ ಹತ್ತಿರದಲ್ಲೇ ಬಿಗಿದರೆ ‘ಲಾಕು’. ಇವು ನಮ್ಮ ಮನೆಯ ಹೆಸರುಗಳು. ಇಷ್ಟರಿಂದಲೇ ಎಲ್ಲವೂ ಆಗಬೇಕು. ಇದರ ಒಂದು ಗುಣ ನನಗೆ ಬಹಳ ಇಷ್ಟ: ಸೂಜಿಯನ್ನು ತೆಗೆದು ದಾರದ ತುದಿಯನ್ನು ಎಳೆದರೆ ಒಂದು ತಿಂಗಳ ಕೆಲಸ ಐದು ನಿಮಿಷದಲ್ಲಿ ಬಿಚ್ಚಿಹೋಗುತ್ತದೆ. ಬಿಚ್ಚಿದ ದಾರ ಮಾತ್ರ ತಾನು ಸುರುಳಿಯಾಗಿದ್ದುದನ್ನು ಬೇಗ ಮರೆಯುವುದಿಲ್ಲ.

ನಮೂನೆ ಕಟ್ಟುವುದೆಂದರೆ ಬಹುಪಾಲು ಬಿಚ್ಚುವುದೇ. ದುಂಡನೆಯ ಮೇಜುಬಟ್ಟೆಯನ್ನು ಕಂಬಗಳಲ್ಲಿ ಹೆಣೆಯುವಾಗ ಪ್ರತಿ ಸುತ್ತಿಗೂ ಸುಮಾರು 12 ಕಂಬ ಹೆಚ್ಚಿದರೆ ಬಟ್ಟೆ ಮಟ್ಟಸವಾಗಿ ಮಲಗುತ್ತದೆ. ಕಡಮೆಯಾದರೆ ಬಟ್ಟಲಿನಂತೆ ಮೇಲೇಳುತ್ತದೆ. ಹೆಚ್ಚಾದರೆ ಅಂಚು ನಿರಿಗೆಗಟ್ಟಿ ಕೋಸಿನ ಎಲೆಯಂತಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡೈನಾ ತೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಬೇಕೆಂದೇ ಹೀಗೆ ಹೆಚ್ಚಿಸುತ್ತಾ ಹೋಗಿ, ಯೂಕ್ಲಿಡನ ನಿಯಮಕ್ಕೆ ಒಗ್ಗದ ಒಂದು ಬಗೆಯ ಜ್ಯಾಮಿತಿಯನ್ನು ವಿದ್ಯಾರ್ಥಿಗಳ ಕೈಗೇ ಸಿಕ್ಕುವಂತೆ ಹೆಣೆದುಕೊಟ್ಟರಂತೆ. ನಾನು ಅದೇ ಕೆಲಸವನ್ನು ಲೆಕ್ಕ ತಪ್ಪಿ ಮಾಡಿದಾಗ ನನ್ನ ಮಗ ಅದನ್ನು ತಲೆಗೆ ಹಾಕಿಕೊಂಡು ಬೀದಿಗೆ ಹೋದ.

ಕೈಗೆ ಸಮಾಧಾನವಾದಮೇಲೆ ಬರೆಯಬೇಕು. ಅಲ್ಲಿಂದಲೇ ತೊಡಕು. ಕೈ ತಿಳಿದದ್ದೆಲ್ಲವನ್ನೂ ನಾಲಗೆ ಹೇಳುವುದಿಲ್ಲ. ‘ಹದ ನೋಡಿಕೊಂಡು ಉಪ್ಪು ಹಾಕು’ ಎಂದು ಅತ್ತೆಯವರು ಹೇಳಿದರೆ ಹೊಸ ಸೊಸೆಗೆ ಏನು ತಿಳಿಯಬೇಕು? ರಂಗೋಲಿಯವರು ನಮಗಿಂತ ಜಾಣರು; ‘15 ಚುಕ್ಕೆ, ಸಂದು, 8ರ ತನಕ’ ಎಂದು ಒಂದು ಉಸಿರಿನಲ್ಲಿ ಹೇಳಿದರೆ ಎದುರುಮನೆಯವಳ ಅಂಗಳದಲ್ಲಿ ಅದೇ ಚುಕ್ಕೆಯ ಚೌಕಟ್ಟು ಮೂಡುತ್ತದೆ. ಸೂತ್ರವೆಂದರೆ ಅದು. ಸೂತ್ರ ಎಂಬ ಮಾತಿಗೆ ದಾರ ಎಂಬ ಅರ್ಥವೂ ಉಂಟು ಎಂಬುದನ್ನು ಕನ್ನಡ ಮೇಡಂ ಎನ್ನಿಸಿಕೊಂಡವಳು ಹೇಳದೆ ಇರುವುದು ಕಷ್ಟ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ, ಅದರ ಕೆಳಗೆ ವೃತ್ತಿ ಬರೆದ, ವೃತ್ತಿಯ ಕೆಳಗೆ ಪ್ರಯೋಗಗಳನ್ನು ಕೊಟ್ಟ. ತಾನು ಹೇಳಿದ್ದು ಇನ್ನೊಬ್ಬರ ಬಾಯಲ್ಲಿ ಹೇಗೆ ನಿಲ್ಲುತ್ತದೆಂಬುದನ್ನು ನೋಡದೆ ವೈಯಾಕರಣನಿಗೆ ನೆಮ್ಮದಿಯಿಲ್ಲ.

ಹೆಸರುಗಳ ತೊಡಕು ಬೇರೆ. ಇಂಗ್ಲೆಂಡಿನ ಪುಸ್ತಕದಲ್ಲಿ ‘ಡಬಲ್ ಕ್ರೋಶೆ’ ಎಂದರೆ ಯಾವ ಹೊಲಿಗೆಯೋ ಅದಕ್ಕೆ ಅಮೆರಿಕದವರು ‘ಸಿಂಗಲ್ ಕ್ರೋಶೆ’ ಎನ್ನುತ್ತಾರೆ. ಅಲ್ಲಿಯ ‘ಟ್ರೆಬಲ್’ ಇಲ್ಲಿಯ ‘ಡಬಲ್’. ಒಂದೇ ಚೀಟಿಯನ್ನು ಹಿಡಿದು ಇಬ್ಬರು ಹೆಣೆದರೆ ಒಬ್ಬಳದು ಕರವಸ್ತ್ರ, ಇನ್ನೊಬ್ಬಳದು ಟವಲು ಆದೀತು. ಇಬ್ಬರೂ ಬರೆದದ್ದನ್ನು ಬರೆದಂತೆಯೇ ಪಾಲಿಸಿರುತ್ತಾರೆ. ಈಗ ವಿಡಿಯೊ ನೋಡಿದರಾಯಿತು, ಬರೆಯುವ ಗೋಜೇಕೆ ಎನ್ನುವವರಿದ್ದಾರೆ. ನೋಡಲಿ, ಬೇಡವೆನ್ನುವುದಿಲ್ಲ. ಆದರೆ ಎರಡು ಕೈಯಲ್ಲೂ ಕೆಲಸ ಹಿಡಿದವಳಿಗೆ ಪದೇ ಪದೇ ಫೋನನ್ನು ನಿಲ್ಲಿಸಿ ಹಿಂದಕ್ಕೆ ಓಡಿಸುವುದಕ್ಕಿಂತ ಮಂಡಿಯ ಪಕ್ಕದಲ್ಲಿ ಒಂದು ಚೀಟಿಯಿದ್ದರೆ ಅನುಕೂಲ. ಚೀಟಿ ಕಾಯುತ್ತದೆ.

ನನ್ನ ಚೀಟಿಗಳನ್ನು ಪರೀಕ್ಷೆ ಮಾಡಿಕೊಡುವ ಮೂವರ ವಿಷಯಕ್ಕೆ ಬರುತ್ತೇನೆ. ಕೊರಟಗೆರೆಯಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ, ಎಪ್ಪತ್ತು ದಾಟಿದವರು. ಅವರಿಗೆ ಯಾವ ಚೀಟಿ ಕಳುಹಿಸಿದರೂ ನಾಲ್ಕು ದಿನದಲ್ಲಿ ತಪ್ಪಿಲ್ಲದ ತುಂಡೊಂದು ವಾಪಸು ಬರುತ್ತದೆ. ‘ಚೆನ್ನಾಗೈತೆ ಕಣೆ’ ಎಂಬ ಒಕ್ಕಣೆ ಬೇರೆ. ಇದನ್ನು ನೋಡಿ ನಾನು ಬಹುಕಾಲ ಹಿಗ್ಗುತ್ತಿದ್ದೆ. ಆಮೇಲೆ ತಿಳಿಯಿತು: ನಾನು ತಪ್ಪಾಗಿ ಬರೆದ ಕಡೆಯಲ್ಲೆಲ್ಲ ಅವರ ಕೈ ತಾನೇ ತಿದ್ದಿಕೊಂಡುಬಿಟ್ಟಿರುತ್ತದೆ, ಅವರಿಗೂ ಗೊತ್ತಾಗದಂತೆ. ಶಿರಾದಲ್ಲಿ ನಮ್ಮ ಅತ್ತಿಗೆ. ಅವರು ಓದುವವರೇ ಅಲ್ಲ. ‘ಅಕ್ಷರ ಯಾರಿಗೆ ಬೇಕು, ಫೋಟೊ ಕಳ್ಸು’ ಎನ್ನುತ್ತಾರೆ. ಚಿತ್ರವನ್ನು ನೋಡಿ ಹೆಣೆದುಬಿಡುತ್ತಾರೆ. ಅವರ ಕೈಯಲ್ಲಿ ಪರೀಕ್ಷೆಗೆ ಒಳಗಾಗುವುದು ನನ್ನ ಮೊಬೈಲಿನ ಕ್ಯಾಮರಾ.

ಮೂರನೆಯವಳು ಪಾವಗಡದವಳು. ನನ್ನ ಹಳೆಯ ವಿದ್ಯಾರ್ಥಿನಿ, ಬಿ.ಎ. ಎರಡನೆಯ ವರ್ಷದಲ್ಲಿ ಮದುವೆಯಾಗಿ ಓದು ನಿಂತಿತು. ಈಗ ಮನೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಅವಳೊಬ್ಬಳೇ ನಾನು ಬರೆದದ್ದನ್ನು ಬರೆದ ಹಾಗೆ ಓದುವವಳು. ‘3’ ಎಂದರೆ 3, ‘ಬಿಟ್ಟು’ ಎಂದರೆ ಬಿಟ್ಟು. ತನ್ನ ಬುದ್ಧಿಯನ್ನು ನನ್ನ ವಾಕ್ಯದ ಮುಂದೆ ಹಾಕುವವಳಲ್ಲ, ನಂಬುತ್ತಾಳೆ. ನಮೂನೆಯ ಪರೀಕ್ಷೆಗೆ ಬೇಕಾದವಳು ಇಂಥವಳೇ. ಚೀಟಿಯಲ್ಲಿ ಒಂದು ಅಂಕೆ ತಪ್ಪಿದರೂ ಆ ತಪ್ಪು ಅವಳ ಕೈಯಲ್ಲಿ ಹೊರಬೀಳುತ್ತದೆ. ಹೊರಬಿದ್ದಾಗ ಪೆಟ್ಟು ತಿನ್ನುವವಳೂ ಅವಳೇ. ಚಿಕ್ಕಮ್ಮನಿಗೆ ನನ್ನ ತಪ್ಪಿನಿಂದ ಏನೂ ಆಗುವುದಿಲ್ಲ, ಅತ್ತಿಗೆಗೆ ಅದು ತಲುಪುವುದೇ ಇಲ್ಲ. ಇದು ನನಗೆ ಮೊದಲೇ ಹೊಳೆಯಬೇಕಾಗಿತ್ತು.

ಕಳೆದ ವರ್ಷದ ಮದುವೆಯ ಕಾಲದಲ್ಲಿ ನಾನು ಸೆರಗಿಗೆ ಬೀಸಣಿಗೆಯಾಕಾರದ ಒಂದು ಅಂಚನ್ನು ಕಟ್ಟಿದೆ. ಮೊದಲ ಸಾಲಿನಲ್ಲಿ ಸೆರಗಿನುದ್ದಕ್ಕೂ ಚಿಕ್ಕ ಚಿಕ್ಕ ‘ಮನೆ’ಗಳು, ಎರಡನೆಯ ಸಾಲಿನಲ್ಲಿ ಒಂದು ಮನೆಗೆ ಲಾಕು, ಒಂದನ್ನು ಬಿಟ್ಟು ಮುಂದಿನದರಲ್ಲಿ ಬೀಸಣಿಗೆ, ಮತ್ತೊಂದನ್ನು ಬಿಟ್ಟು ಲಾಕು. ಹೀಗೆ ನಾಲ್ಕು ನಾಲ್ಕು ಮನೆಗೆ ಒಂದೊಂದು ಬೀಸಣಿಗೆ. ಚೀಟಿಯಲ್ಲಿ ಬರೆದೆ: ‘ಮನೆಗಳ ಸಂಖ್ಯೆ 4ರಿಂದ ಭಾಗವಾಗುವಂತಿರಲಿ.’ ಅಂಗೈಯಗಲದ ತುಂಡೊಂದನ್ನು ಹೆಣೆದು ನೋಡಿದ್ದೆ; ಸರಿಯಾಗಿಯೇ ಬಂದಿತ್ತು. ಚೀಟಿಯನ್ನು ಪಾವಗಡಕ್ಕೆ ಕಳುಹಿಸಿದೆ.

ಹತ್ತು ದಿನದ ಮೇಲೆ ಅವಳ ಫೋನು ಬಂತು. ‘ಇದು ನಂಗೆ ಆಗ್ಲಿಲ್ಲ ಮೇಡಂ. ನನ್ ಕೈಯೇ ಸರಿಯಿಲ್ಲ, ಬಿಡಿ’ ಎಂದಳು. ಏನಾಯಿತೆಂದು ಕೇಳಿದ್ದಕ್ಕೆ ಬಿಡಿಬಿಡಿಯಾಗಿ ಹೇಳಿದಳು. ವೈ.ಎನ್. ಹೊಸಕೋಟೆಯ ಸೀರೆಯೊಂದು ಕೈಗೆ ಬಂದಿತ್ತು, ಮದುವೆಯದು. ಅದಕ್ಕೆ ಇದೇ ಅಂಚನ್ನು ಹಾಕಿದಳು. 45 ಅಂಗುಲದ ಸೆರಗಿಗೆ 136 ಮನೆ, ಅಂದರೆ 34 ಬೀಸಣಿಗೆ. ಮೂವತ್ತಮೂರು ಚೆಂದವಾಗಿ ಬಂದುವು. ಕಡೆಯದು ಕೂರಲಿಲ್ಲ, ಅದರ ಕಾಲಿಗೆ ಜಾಗವಿಲ್ಲದೆ ಸೆರಗಿನ ಮೂಲೆಯನ್ನು ಎಳೆದುಕೊಂಡು ಮುರುಟಿತು. ಎಲ್ಲೋ ಎಣಿಕೆ ತಪ್ಪಿದೆನೆಂದು ಬಿಚ್ಚಿದಳು. ಮತ್ತೆ ಎಣಿಸಿ 136 ಹಾಕಿದಳು, ಮತ್ತೆ ಹಾಗೆಯೇ. ಮೂರನೆಯ ಸಲ ರಾತ್ರಿ ಒಂದು ಗಂಟೆಯವರೆಗೆ ಕೂತು, ಗಂಡನ ಕೈಯಲ್ಲಿ ಬೇರೆಯಾಗಿ ಎಣಿಸಿ ನೋಡಿಸಿ, 136 ಹಾಕಿದಳು. ಎಷ್ಟೆಷ್ಟು ಎಚ್ಚರದಿಂದ ಎಣಿಸಿದಳೋ ಅಷ್ಟಷ್ಟು ಖಚಿತವಾಗಿ ಕೆಲಸ ಕೆಟ್ಟಿತು. ಮೂರು ಸಲ ಸೂಜಿ ಚುಚ್ಚಿದ ರೇಷ್ಮೆಯ ಅಂಚು ಜಾಲರಿಯಾಯಿತು. ಕೊನೆಗೆ ಅಂಚನ್ನು ಇನ್ನೊಂದು ಮಡಿಕೆ ಮಡಿಚಿ ಹೊಲಿದು, ಸಾದಾ ಕುಚ್ಚು ಕಟ್ಟಿ ಕೊಟ್ಟಳಂತೆ. ಸೀರೆಯವರು ಮಾತನಾಡಿದ ಆರುನೂರು ರೂಪಾಯಿಯಲ್ಲಿ ಇನ್ನೂರು ಕೊಟ್ಟು ಹೋದರು. ದಾರ, ಮಣಿ ಅವಳದೇ.

ಆ ರಾತ್ರಿ ನಾನು ನನ್ನ ಚೀಟಿಯನ್ನು ಪರರ ಚೀಟಿಯೆಂಬಂತೆ ಮುಂದಿಟ್ಟುಕೊಂಡು, ಒಂದೊಂದು ಮಾತಿಗೆ ಒಂದೊಂದು ಹೊಲಿಗೆ ಹಾಕುತ್ತ ಹೋದೆ. ಅರ್ಧ ಗಂಟೆ ಬೇಕಾಗಲಿಲ್ಲ. ನಾಲ್ಕು ಅಂಕಣದ ಪಡಸಾಲೆಗೆ ಕಂಬ ಎಷ್ಟು ಬೇಕು? ಐದು. ಕೊನೆಯ ಅಂಕಣದ ಆಚೆಗೂ ತೊಲೆ ಊರುವುದಕ್ಕೆ ಒಂದು ಕಂಬ ಬೇಕಷ್ಟೆ. ಹಾಗೆಯೇ ಕೊನೆಯ ಬೀಸಣಿಗೆಯ ಆಚೆಗೆ ಲಾಕು ಕೂರಲು ಒಂದು ಮನೆ ಹೆಚ್ಚಿಗೆ ಬೇಕು. ‘4ರಿಂದ ಭಾಗಿಸಿ ಒಂದು ಉಳಿಯುವಂತಿರಲಿ’ ಎಂದು ಬರೆಯಬೇಕಾಗಿತ್ತು. 136 ಅಲ್ಲ, 137. ನಾನು ಹೆಣೆದು ನೋಡಿದ ಪುಟ್ಟ ತುಂಡಿನಲ್ಲಿಯೂ ಜಾಗ ಸಾಲದೆ ಬಂದಿತ್ತು. ನನ್ನ ಕೈ, ಚಿಕ್ಕಮ್ಮನ ಕೈಯ ಹಾಗೆಯೇ, ತುದಿಯಲ್ಲಿ ಒಂದು ಸುಳ್ಳು ಲಾಕನ್ನು ಹಾಕಿ ಸರಿಮಾಡಿಕೊಂಡಿತ್ತು. ನನಗೆ ಹೇಳಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಲೆಕ್ಕ ತಪ್ಪದವರು ಯಾರು? ಆದರೆ ಮಾರನೆಯ ದಿನ ನಾನು ಫೋನು ಮಾಡಲಿಲ್ಲ. ಅದರ ಮಾರನೆಯ ದಿನವೂ ಮಾಡಲಿಲ್ಲ. ಹೀಗೆ ಒಂಬತ್ತು ದಿನ ಕಳೆದುವು. ಮೊದಲೆರಡು ದಿನ ಕಾಲೇಜಿನಲ್ಲಿ ಇಂಟರ್ನಲ್ಸಿನ ಗಲಾಟೆ ಎಂಬ ನೆವವಿತ್ತು. ಆಮೇಲೆ ಮನಸ್ಸು ಇನ್ನೂ ನಯವಾದ ನೆವಗಳನ್ನು ಹುಡುಕಿತು. ಅವಳು ಆಗಲೇ ಮರೆತಿರಬಹುದು, ಕೆದಕುವುದೇಕೆ? ತಪ್ಪು ಅವಳದೆಂದು ನಾನೇನೂ ಹೇಳಿಲ್ಲವಲ್ಲ, ಅವಳಾಗಿ ಹೇಳಿಕೊಂಡಳು. ನಾನು ‘ಇರಲಿ ಬಿಡು, ಬೇಸರ ಮಾಡಿಕೊಳ್ಳಬೇಡ’ ಎಂದು ಸಮಾಧಾನವನ್ನೇ ಹೇಳಿದೆ. ಈ ಕೊನೆಯ ಮಾತನ್ನು ನೆನೆದಾಗ ಮಾತ್ರ ಮೈ ಹಿಡಿಯಾಗುತ್ತಿತ್ತು. ಅವಳಲ್ಲದ ತಪ್ಪನ್ನು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೆ! ಹೇಳುವಾಗ ನನಗೆ ತಿಳಿದಿರಲಿಲ್ಲ, ನಿಜ. ಅದೇ ರಾತ್ರಿ ಹನ್ನೊಂದು ಗಂಟೆಗೆ ತಿಳಿಯಿತು. ಆಮೇಲೂ ಆ ಕ್ಷಮೆಯನ್ನು ಹಿಂದಕ್ಕೆ ಪಡೆಯದೆ ಅವಳ ಬಳಿಯೇ ಬಿಟ್ಟಿದ್ದೆ.

ನಮ್ಮ ಕಾಲೇಜಿನಲ್ಲಿ ತರ್ಕ ಓದಿಕೊಂಡ ಮಿತ್ರರೊಬ್ಬರಿದ್ದಾರೆ. ಅವರೊಡನೆ ಈ ವಿಷಯವನ್ನು ಬೇರೆ ಯಾರಿಗೋ ಆದದ್ದೆಂಬಂತೆ ಪ್ರಸ್ತಾಪಿಸಿದೆ. ಅವರು ಕೂಡಲೇ ಬಗೆಹರಿಸಿಬಿಟ್ಟರು. ಉದ್ದೇಶವಿಲ್ಲದ ಕಡೆ ಅಪರಾಧವಿಲ್ಲ. ಪರೀಕ್ಷೆಯೆಂದರೇ ತಪ್ಪು ಸಿಕ್ಕಲೆಂದು ಮಾಡುವುದು. ಸಿಕ್ಕಿತು, ಪರೀಕ್ಷೆ ಸಫಲವಾಯಿತು. ‘ತಾನಾಗಿ ಒಪ್ಪಿ ಪರೀಕ್ಷೆ ಮಾಡಿದವಳು ನಷ್ಟಕ್ಕೂ ಒಪ್ಪಿದ ಹಾಗೇ ಅಲ್ಲವೆ?’ ಎಂದರು. ವಾದದಲ್ಲಿ ಹುಳುಕು ಕಾಣಲಿಲ್ಲ. ಆದರೂ ಮನೆಗೆ ಬರುವ ದಾರಿಯಲ್ಲಿ ಅದು ಬೆಟ್ಟದ ಬುಡದಲ್ಲಿ ನಿಂತು ದಾರಿ ಹೇಳುವವರ ಮಾತಿನಂತೆ ಕಂಡಿತು. ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿ ಪಳಗಿದವರು ಹೊಸಬರಿಗೆ ‘ಏನಿಲ್ಲ, ಹೀಗೆ ನೇರ ಹೋಗಿ’ ಎಂದು ಕೈತೋರಿಸುತ್ತಾರೆ. ಬಂಡೆ ಕಡಿದಾದ ಕಡೆ ಎಲ್ಲಿ ಕೈಯೂರಬೇಕೆಂಬುದನ್ನು ಹೇಳಲು ಮರೆಯುತ್ತಾರೆ. ಜಾರಿದವನು ತಾನಾಗಿ ಒಪ್ಪಿಯೇ ಬೆಟ್ಟ ಹತ್ತಿದವನು ಎನ್ನೋಣವೆ?

ಅಲ್ಲದೆ, ಅವಳು ಯಾವುದಕ್ಕೆ ಒಪ್ಪಿದ್ದಳು? ‘ಹಾಕಿ ನೋಡು’ ಎಂದು ನಾನು ಹೇಳಿದ್ದೆ. ಹಾಕಿ ನೋಡುವುದಕ್ಕೆ ಬಟ್ಟೆ ಬೇಕು, ರೇಷ್ಮೆ ದಾರ ಬೇಕು, ಎರಡು ಮಧ್ಯಾಹ್ನ ಬೇಕು. ನನ್ನ ಮನೆಯ ಪೆಟ್ಟಿಗೆಯಲ್ಲಿ ಅರೆಬರೆ ಉಂಡೆಗಳು ತುಂಬಿರುತ್ತವೆ. ಸಂಬಳ ಬರುವವಳ ಪೆಟ್ಟಿಗೆ. ಅವಳಲ್ಲಿ ಇರುವ ದಾರವೆಲ್ಲ ಯಾರದಾದರೊಂದು ಸೀರೆಯ ಬಣ್ಣಕ್ಕೆಂದು ಕೊಂಡದ್ದು. ಹೀಗಾಗಿ ಅವಳ ಪರೀಕ್ಷೆ ಮದುವೆಯ ಸೀರೆಯ ಮೇಲೆಯೇ ನಡೆಯಿತು. ನಾನು ಚೀಟಿಯ ಜೊತೆಗೆ ಎರಡು ಉಂಡೆ ದಾರವನ್ನು ಇಟ್ಟು ಕಳುಹಿಸಿದ್ದರೆ ತಪ್ಪು ಒಂದು ಚಿಂದಿಯ ಮೇಲೆ ಸಿಕ್ಕಿಬೀಳುತ್ತಿತ್ತು. ಒಟ್ಟು ಪ್ರಸಂಗದಲ್ಲಿ ಲೆಕ್ಕದ ತಪ್ಪಿಗಿಂತ ಈ ಎರಡು ಉಂಡೆಯ ಮರೆವೇ ನನಗೆ ಹೆಚ್ಚು ಚುಚ್ಚುತ್ತದೆ.

ಪಾವಗಡದ ಮೂರು ದಿಕ್ಕಿಗೂ ಆಂಧ್ರ. ಅದೇ ಆಂಧ್ರದ ಕರಾವಳಿಯ ಕಡೆ, ಗೋದಾವರಿಯ ಸೀಮೆಯಲ್ಲಿ, ನರಸಾಪುರವೆಂಬ ಊರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಅಲ್ಲಿಯ ಹೆಂಗಸರಿಗೆ ಕ್ರೋಶಾ ಲೇಸನ್ನು ಕಲಿಸಿದರು. ಮುಂದೆ ಅದು ಪರದೇಶಗಳಿಗೆ ಹೋಗುವ ದೊಡ್ಡ ವ್ಯಾಪಾರವಾಯಿತು. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮುದ್ರೆಯೂ ದೊರೆಯಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಆ ಹೆಂಗಸರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸಂಗತಿಯನ್ನು ಬಯಲಿಗಿಟ್ಟರು. ದಿನವಿಡೀ ಹೆಣೆಯುವ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಕುಳಿತ ಗೃಹಿಣಿಯರು, ಬಿಡುವಿನಲ್ಲಿ ಏನೋ ಹೆಣೆಯುತ್ತಾರೆ ಎಂದು ಎಣಿಸುತ್ತಿದ್ದರು. ಕೂಲಿ ಅಷ್ಟು ಕಡಮೆಯಾಗುವುದಕ್ಕೆ ಆ ಎಣಿಕೆಯೇ ಒಂದು ಕಾರಣ. ‘ಬಿಡುವು’ ಎಂಬ ಮಾತನ್ನು ನಾನೂ ಬಳಸುತ್ತಿದ್ದೆ. ‘ಬಿಡುವಾದಾಗ ನೋಡಮ್ಮ, ಅವಸರವೇನಿಲ್ಲ’ ಎಂದು ಆ ಚೀಟಿಯ ಕೊನೆಯಲ್ಲಿ ನನ್ನ ಕೈಯಾರೆ ಬರೆದಿದ್ದೆ.

ಇನ್ನೊಂದು ಮಾತು ಇದೆ, ಅದು ನನ್ನ ವೃತ್ತಿಗೆ ಸೇರಿದ್ದು. ಮೂರು ಸಲ ಕೆಟ್ಟರೂ ಚೀಟಿ ತಪ್ಪಿರಬಹುದೆಂದು ಅವಳಿಗೆ ಏಕೆ ಹೊಳೆಯಲಿಲ್ಲ? ಕುಚ್ಚಿನ ಕೆಲಸದಲ್ಲಿ ಅವಳು ನನಗಿಂತ ನುರಿತವಳು. ವರ್ಷಕ್ಕೆ ಅವಳು ಕಟ್ಟುವ ಸೀರೆಗಳನ್ನು ನಾನು ಜನ್ಮಕ್ಕೂ ಕಟ್ಟಲಾರೆ. ಆದರೆ ಅದು ಬರೆದದ್ದು, ಅದೂ ಮೇಡಂ ಬರೆದದ್ದು. ಪಾಠ ತಿಳಿಯದಿದ್ದರೆ ದೋಷ ಕೇಳಿದವನದು ಎಂಬುದನ್ನು ನಾವು ಒಂದನೆಯ ತರಗತಿಯಿಂದ ಪದವಿಯವರೆಗೆ ಬಾಯಿಬಿಟ್ಟು ಹೇಳದೆಯೇ ಕಲಿಸುತ್ತೇವೆ. ‘ಅರ್ಥವಾಯಿತೆ?’ ಎಂದು ಕೇಳುವ ಧಾಟಿಯಲ್ಲೇ ‘ಆಗಲಿಲ್ಲ’ ಎನ್ನಬಾರದೆಂಬ ಸೂಚನೆ ಇರುತ್ತದೆ. ನನ್ನ ತರಗತಿಯ ಎರಡನೆಯ ಬೆಂಚಿನಲ್ಲಿ ಎರಡು ವರ್ಷ ಕುಳಿತ ಹುಡುಗಿ ಅವಳು; ಒಮ್ಮೆಯೂ ಎದ್ದು ನಿಂತು ತಿಳಿಯಲಿಲ್ಲ ಎಂದವಳಲ್ಲ. ಆಗ ನಾನು ಅದನ್ನು ಒಳ್ಳೆಯ ಗುಣವೆಂದೇ ಎಣಿಸಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಯೇ ತಪ್ಪಾಗಿ ಅಚ್ಚಾದರೆ ಪರೀಕ್ಷಾ ಮಂಡಲಿಯವರು ಬರೆದವರಿಗೆಲ್ಲ ಕೃಪಾಂಕ ಕೊಡುವುದುಂಟು. ರಾತ್ರಿ ಒಂದು ಗಂಟೆಯವರೆಗೆ 136 ಎಣಿಸಿದವಳಿಗೆ ಯಾವ ಮಂಡಲಿ?

ಹತ್ತನೆಯ ದಿನ ಭಾನುವಾರ. ಫೋನಿನಲ್ಲಿ ಹೇಳಬಹುದಾಗಿತ್ತು, ಧೈರ್ಯ ಸಾಲದೆ ಬಸ್ಸು ಹತ್ತಿದೆ. ಮಿಡಿಗೇಶಿ ದಾಟುವವರೆಗೂ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ, ಮೇಷ್ಟರ ಚಟ. ಅವಳ ಮನೆಯಲ್ಲಿ ನೀರು, ಕಾಫಿ ಎಲ್ಲ ಆದಮೇಲೆ ಚೀಟಿಯನ್ನು ತೆಗೆದು, ‘ತಪ್ಪು ನಿನ್ನದಲ್ಲ, ನಾನು ಬರೆದದ್ದೇ ತಪ್ಪು’ ಎಂದೆ. ಅವಳು ನಕ್ಕಳು. ‘ನನ್ಗೆ ಬೇಜಾರಾಗ್ಬಾರ್ದು ಅಂತ ಹಂಗಂತೀರ ಮೇಡಂ’ ಎಂದಳು. ನಾನು ಎಷ್ಟು ಹೇಳಿದರೂ ನಂಬಲಿಲ್ಲ. ನನ್ನ ತಪ್ಪನ್ನು ನನಗೆ ಕೊಡಲು ಅವಳು ಸಿದ್ಧಳಿರಲಿಲ್ಲ. ಕಡೆಗೆ ಹಳೆಯ ರವಿಕೆಯ ತುಂಡೊಂದನ್ನು ತರಿಸಿ, ಅವಳ ಕೈಯಿಂದಲೇ ಮೊದಲು 8 ಮನೆ, ಆಮೇಲೆ 9 ಮನೆ ಹಾಕಿಸಿದೆ. ಒಂಬತ್ತರ ಮೇಲೆ ಎರಡು ಬೀಸಣಿಗೆಗಳು ಅಚ್ಚುಕಟ್ಟಾಗಿ ಕುಳಿತುವು. ಅವಳು ಆ ತುಂಡನ್ನು ಬಹಳ ಹೊತ್ತು ಹಿಂದುಮುಂದು ತಿರುಗಿಸಿ ನೋಡಿದಳು.

ಸಂತೋಷಪಟ್ಟಾಳೆಂದು ನಾನು ತಿಳಿದಿದ್ದೆ. ಅವಳ ಮುಖ ಬಿಗಿಯಿತು. ‘ಇದು ನಿಮ್ಗೆ ಯಾವಾಗ ಗೊತ್ತಾಯ್ತು ಮೇಡಂ?’ ಎಂದು ಕೇಳಿದಳು. ಆ ಒಂದು ಪ್ರಶ್ನೆಗೆ ಬಸ್ಸಿನಲ್ಲಿ ನಾನು ಉತ್ತರ ತಿದ್ದಿಟ್ಟುಕೊಂಡಿರಲಿಲ್ಲ. ‘ನೀನು ಫೋನು ಮಾಡಿದ ದಿನವೇ’ ಎಂದೆ. ಅವಳು ಮಾತನಾಡಲಿಲ್ಲ. ಒಳಗಿನಿಂದ ಅವಳ ಅತ್ತೆ ಏನೋ ಕೇಳಿದರು, ತೆಲುಗಿನಲ್ಲಿ. ಅದಕ್ಕೆ ಉತ್ತರ ಕೊಟ್ಟು ಬಂದಳು. ‘ಆವತ್ತಿಂದ ನಾನು ಒಂದು ಹೊಸಾ ಡಿಸೈನೂ ಮುಟ್ಟಿಲ್ಲ. ಬರೀ ಸಾದಾ ಕುಚ್ಚೇ ಕಟ್ತಿದೀನಿ’ ಎಂದಳು. ದೂರಿನ ಧ್ವನಿಯಿರಲಿಲ್ಲ, ಲೆಕ್ಕ ಒಪ್ಪಿಸುವವರಂತೆ ಹೇಳಿದಳು. ನಾನು ಕವರಿನಲ್ಲಿ ತಂದಿದ್ದ ಹಣವನ್ನು ಕೊಟ್ಟೆ. ಬೇಡವೆನ್ನುತ್ತಾಳೆ, ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ. ತೆಗೆದುಕೊಂಡು ಎಣಿಸಿದಳು. ಕಮ್ಮಿಯಾದ ನಾನೂರು, ದಾರ ಮಣಿಗಳ ಬಾಬ್ತು ನೂರಾಎಂಬತ್ತು ಇಟ್ಟುಕೊಂಡು ಉಳಿದದ್ದನ್ನು ವಾಪಸು ಮಾಡಿದಳು. ‘ಇನ್ಮೇಲೆ ದಾರ ನೀವೇ ಕಳಿಸ್ಬೇಕು’ ಎಂದಳು. ಬಸ್ ನಿಲ್ದಾಣದವರೆಗೆ ಬಂದು ಹತ್ತಿಸಿ ಹೋಗುವುದು ಅವಳ ವಾಡಿಕೆ. ಅಂದು ಬಾಗಿಲಿನಲ್ಲೇ ನಿಂತಳು.

ಈಗ ಚೀಟಿಯ ಜೊತೆ ದಾರವೂ ಹೋಗುತ್ತದೆ, ಒಂದು ತುಂಡು ಬಟ್ಟೆಯೂ ಹೋಗುತ್ತದೆ. ಚೀಟಿಯ ಬಲಗಡೆ ಅರ್ಧ ಪುಟ ಖಾಲಿ ಬಿಡುತ್ತೇನೆ. ಮೊದಲೆರಡು ಸಲ ಅದು ಖಾಲಿಯಾಗಿಯೇ ಬಂತು. ಮೂರನೆಯ ಸಲ ಸೀಸದ ಕಡ್ಡಿಯಲ್ಲಿ, ಅಳಿಸಿದರೆ ಅಳಿಸಿಹೋಗುವಷ್ಟು ತೆಳ್ಳಗೆ, ‘ಇಲ್ಲಿ ತಿಳೀಲಿಲ್ಲ’ ಎಂದಿತ್ತು. ಹೋದ ವಾರ ಬಂದ ಚೀಟಿಯಲ್ಲಿ ಮೂರು ಗುರುತುಗಳಿದ್ದುವು, ಈ ಸಲ ಇಂಕಿನಲ್ಲಿ. ಎರಡು ಎಣಿಕೆಯವು, ಒಂದರಲ್ಲಿ ನಾನು ಸರಿ, ಇನ್ನೊಂದರಲ್ಲಿ ಅವಳು. ಮೂರನೆಯದು ನನ್ನ ಕನ್ನಡಕ್ಕೆ ಸಂಬಂಧಪಟ್ಟದ್ದು. ‘ಹಿಂದಿನ ಎಳೆಗೆ ಸೂಜಿ ಹಾಕಿ’ ಎಂದು ನಾನು ಬರೆದಿದ್ದ ವಾಕ್ಯದ ಕೆಳಗೆ ಗೆರೆ ಎಳೆದು, ‘ಹಿಂದಿನ ಅಂದ್ರೆ ಮೊದಲು ಹಾಕಿದ್ದೋ, ಹಿಂಭಾಗದ್ದೋ? ಎರಡೂ ಥರ ಹಾಕಿ ನೋಡಿದೆ, ಎರಡೂ ಬರುತ್ತೆ, ಬೇರೆ ಬೇರೆ ಥರ’ ಎಂದು ಬರೆದಿದ್ದಳು. ಎರಡು ತುಂಡುಗಳನ್ನೂ ಪಿನ್ನು ಚುಚ್ಚಿ ಕಳುಹಿಸಿದ್ದಾಳೆ. ನಾನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಡಗಡೆಯದು. ಬಲಗಡೆಯದೇ ಹೆಚ್ಚು ಚೆನ್ನಾಗಿದೆ.